ತೊಟ್ಟಿಲಿನ ತಲೆಭಾಗ ಎತ್ತರಿಸುವುದು ಸುರಕ್ಷಿತವಲ್ಲ: ಒಂದು ಸ್ಪಷ್ಟನೆ

ತಾಯಿಯ ಮಂಚಕ್ಕೆ ತಾಗಿಸಿ ಇಡುವ ತೊಟ್ಟಿಲನ್ನು ಕೊಳ್ಳುವವರು ತಲೆಭಾಗ ಎತ್ತರಿಸಬಹುದಾದದ್ದನ್ನೇ ಆರಿಸಬೇಕು, ಹಾಗೆ ಮಲಗಿಸಿದರೆ ಕಕ್ಕಿದ ಹಾಲು ಶ್ವಾಸನಾಳಕ್ಕೆ ಹೋಗುವುದಿಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ, ಅಪಾಯಕಾರಿಯೂ ಹೌದು.

ಅಂಗಾತ ಮಲಗಿದ ಮಗುವಿನಲ್ಲಿ ಶ್ವಾಸನಾಳವು ಅನ್ನನಾಳದ ಮೇಲ್ಗಡೆ ಇರುವುದರಿಂದ, ಮೇಲೆ ಬಂದ ಹಾಲು ಸಾಮಾನ್ಯವಾಗಿ ಅನ್ನನಾಳಕ್ಕೇ ಹಿಂದಿರುಗುತ್ತದೆ. ಆರೋಗ್ಯವಂತ ಶಿಶು ಅದನ್ನು ನುಂಗುತ್ತದೆ ಅಥವಾ ಕೆಮ್ಮಿ ಹೊರಹಾಕುತ್ತದೆ. ಇಳಿಜಾರಿನಲ್ಲಿ ಮಲಗಿಸಿದರೆ, ಕುತ್ತಿಗೆಗೆ ಇನ್ನೂ ಬಲ ಬಾರದ ಕೂಸಿನ ಗಲ್ಲ ಎದೆಗೆ ಬಾಗಿ ಉಸಿರಿನ ದಾರಿಯೇ ಮುಚ್ಚಿಹೋಗಬಹುದು. ಅಮೆರಿಕದಲ್ಲಿ 10 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ, ಶಿಶುಗಳನ್ನು ಮಲಗಿಸುವ ಸಾಧನಗಳನ್ನು 2022ರ ಕಾನೂನು ನಿಷೇಧಿಸಿದೆ. ತೊಟ್ಟಿಲಿನ ಒಳಸುತ್ತಿಗೆ ಕಟ್ಟುವ ಮೆತ್ತೆಗಳಿಗೂ ಅದೇ ಕಾನೂನು ತಡೆ ಹಾಕಿದೆ.

ಕೊಳ್ಳುವಾಗ ನೋಡಬೇಕಾದದ್ದು ಹಾಸಿಗೆ ಸಮತಟ್ಟಾಗಿ, ಗಟ್ಟಿಯಾಗಿದೆಯೇ, ಪಟ್ಟಿಗಳಿಂದ ಮಂಚಕ್ಕೆ ಬಿಗಿದ ಮೇಲೆ ನಡುವೆ ಸಂದು ಉಳಿಯುತ್ತದೆಯೇ ಎಂಬುದನ್ನು. ಸಂದಿಗೆ ಟವೆಲ್ ತುರುಕುವುದು ಪರಿಹಾರವಲ್ಲ, ಏಕೆಂದರೆ ಅದು ಸರಿದು ಮಗುವಿನ ಮುಖವನ್ನೇ ಮುಚ್ಚಬಹುದು. ಮಂಚದ ಎತ್ತರಕ್ಕೆ ಹೊಂದದ ತೊಟ್ಟಿಲನ್ನು, ಎಷ್ಟೇ ಚೆಂದವಿದ್ದರೂ, ಕೊಳ್ಳದಿರುವುದೇ ಒಳಿತು. ತಲೆ ದುಂಡಗಾಗಲೆಂದು ಹಿರಿಯರು ಪ್ರೀತಿಯಿಂದ ಹೊಲಿದುಕೊಡುವ ಸಾಸಿವೆ ದಿಂಬನ್ನೂ ನಿದ್ದೆಯ ವೇಳೆ ಹೊರಗಿಡಬೇಕು. ಮಗು ಕೈ, ಮಂಡಿಗಳನ್ನೂರಿ ಏಳಲು ಯತ್ನಿಸತೊಡಗಿದಾಗ ಈ ತೊಟ್ಟಿಲಿನ ಬಳಕೆ ನಿಲ್ಲಬೇಕು.

ಪದೇಪದೇ ಕಕ್ಕುವ, ತೂಕ ಏರದ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿ.