ಸೋರುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು

ಚಿಕ್ಕಮಗಳೂರು ಕಡೆ ಆರ್‌ಸಿಸಿ ಮನೆ ಕಟ್ಟಿಸಿದವರು ಮಳೆಗಾಲದಲ್ಲಿ ಸಿಕ್ಕರೆ "ಚೆನ್ನಾಗಿದ್ದೀರಾ" ಅಂತ ಕೇಳಬೇಡಿ. "ಎಲ್ಲಿ ಸೋರ್ತಿದೆ" ಅಂತ ಕೇಳಿ. ಕಾಫಿ ಆರಿ ತಣ್ಣಗಾಗುವವರೆಗೂ ಮಾತಾಡುತ್ತಾರೆ.

ನಮ್ಮನೆಯಲ್ಲಿ ಹಾಲ್‌ನ ಫ್ಯಾನಿನಿಂದ ಸೋರುತ್ತಿತ್ತು. ಫ್ಯಾನಿನ ಪಕ್ಕದಿಂದ ಅಲ್ಲ, ಫ್ಯಾನಿನಿಂದಲೇ. ಕೊಕ್ಕೆಯಿಂದ ರಾಡಿಗೆ, ರಾಡಿನಿಂದ ರೆಕ್ಕೆಗೆ ಇಳಿದು ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಮದುವೆಗೆ ಕರೆಯೋಕೆ ಬಂದ ನೆಂಟರೊಬ್ಬರು, ಒದ್ದೆ ಕೊಡೆ ಒಣಗಲಿ ಅಂತ ಸುಮ್ನೆ ಹೋಗಿ ಸ್ವಿಚ್ ಒತ್ತಿಬಿಟ್ಟರು. ಲಗ್ನಪತ್ರಿಕೆ, ಚಕ್ಕುಲಿ ತಟ್ಟೆ, ಅವರ ಬಿಳಿ ಶರ್ಟು, ಎಲ್ಲದರ ಮೇಲೂ ಪನ್ನೀರು ಎರಚಿದ ಹಾಗಾಯಿತು. ಅಮ್ಮ ಓಡಿಹೋಗಿ ಮೈನ್ ಆಫ್ ಮಾಡಿದರು. ಫ್ಯಾನ್ ನಿಂತಿತು, ಸೋರುವುದು ನಿಲ್ಲಲಿಲ್ಲ.

ಅಪ್ಪನ ಕಾಲದ ಹೆಂಚಿನ ಮನೆಯೂ ಸೋರುತ್ತಿತ್ತು ಅನ್ನಿ. ಆದರೆ ಪ್ರಾಮಾಣಿಕವಾಗಿ ಸೋರುತ್ತಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಶುರು ಮಾಡಿದ ಆ ಹೆಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತೆ. ಮಂಗ ಹಾರಿ ಒಂದು ಒಡೆದರೆ ಅಲ್ಲಿಂದ ಬೆಳಕು ಕಾಣುತ್ತೆ, ಸರಿಯಾಗಿ ಅದರ ಕೆಳಗೇ ನೀರು ಬೀಳುತ್ತೆ. ಬೇರೆ ಹೆಂಚು ಇಟ್ಟರೆ ಮುಗಿಯಿತು. ಆರ್‌ಸಿಸಿಗೆ ಈ ಮರ್ಯಾದೆ ಇಲ್ಲ. ನೀರು ಒಂದು ಕಡೆ ಒಳಗೆ ಬಂದು, ಮೇಲಿನ ಗಾರೆಯ ಅಡಿಯಲ್ಲಿ ಹರಿದು, ಸ್ಲ್ಯಾಬಿನೊಳಗೆ ಕರೆಂಟಿಗೆ ಅಂತ ಹುದುಗಿಸಿದ ಪೈಪು ಸಿಕ್ಕರೆ ಅದರಲ್ಲಿ ಆರಾಮಾಗಿ ಪ್ರಯಾಣ ಮಾಡಿ, ತನಗೆ ಇಷ್ಟವಾದ ಕೋಣೆಯಲ್ಲಿ ಇಳಿಯುತ್ತೆ.

ಹಾಗಾಗಿ ತಾರಸಿ ಹತ್ತಿದ ಪ್ರತಿಯೊಬ್ಬರೂ ಒಂದೊಂದು ಕಾರಣ ಹೇಳಿದರು. ಮೇಸ್ತ್ರಿ, "ವಾಟ ಸಾಲ್ದು ಅಣ್ಣಾ, ನೀರು ನಿಲ್ತಿದೆ" ಅಂದ. ವಾಟ ಕೊಟ್ಟವನೂ ಅವನೇ, ಅದನ್ನು ನೆನಪಿಸಿದರೆ "ಆವಾಗಿನ ಲೆಕ್ಕ ಬೇರೆ" ಅಂದ. ಪೇಂಟ್ ಅಂಗಡಿಯವರು ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ ಕೂದಲೆಳೆ ಬಿರುಕು ಬಿಟ್ಟಿದೆ ಅಂದರು. ಅದು ನಿಜವೇ. ಭಾವ ಮಾತ್ರ ಮೇಲೆ ಹತ್ತಲೇ ಇಲ್ಲ, ಸೋಫಾದಲ್ಲಿ ಕೂತೇ "ಟಾರ್ ಶೀಟ್ ಹೊಡೆಸಿಬಿಡು" ಅಂದರು. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಅಂಟಿಸುತ್ತಾರಲ್ಲ, ಆ ಕಪ್ಪು ಹಾಳೆ.

ತಮಾಷೆ ಏನಂದ್ರೆ, ಇವು ಯಾವುದನ್ನು ಮಾಡಬೇಕಾದರೂ ತಾರಸಿ ಒಣಗಿರಬೇಕು. ಒದ್ದೆ ಗಾರೆ ಮೇಲೆ ಬಳಿದ ಬಣ್ಣ ಗುಳ್ಳೆ ಎದ್ದು ಹಪ್ಪಳ ಹಪ್ಪಳವಾಗಿ ಬರುತ್ತೆ. ಮುಂಗಾರು ಹಿಡಿದಮೇಲೆ ನಮ್ಮಲ್ಲಿ ಒಣಗುವುದು ಎಲ್ಲಿಂದ? ಬೇಸಿಗೆಯಲ್ಲಿ ಮಾಡಿಸೋಣ ಅಂದರೆ ಬೇಸಿಗೆಯಲ್ಲಿ ಸೋರಲ್ಲ, ಸೋರದೆ ಇರೋದಕ್ಕೆ ಯಾರು ದುಡ್ಡು ಬಿಚ್ಚುತ್ತಾರೆ?

ನಮ್ಮಮ್ಮ ಬಿಚ್ಚಿಸಿದರು. ಯುಗಾದಿ ಕಳೆದಮೇಲೆ ಪಾಚಿ ಕೆರೆದು, ಬಿರುಕು ಬಿಡಿಸಿ ತುಂಬಿ, ಬಿಳಿ ವಾಟರ್‌ಪ್ರೂಫ್ ಬಣ್ಣ ಹೊಡೆಸಿದ್ದಾಯಿತು. ಮೇಸ್ತ್ರಿ ತಾರಸಿಗೆ ಕಟ್ಟೆ ಕಟ್ಟಿ ಎರಡು ದಿನ ನೀರು ನಿಲ್ಲಿಸಿದ. ಪಕ್ಕದ ಮನೆಯವರ ನಲ್ಲಿಯಲ್ಲಿ ನೀರಿಲ್ಲದ ಸಮಯ ಬೇರೆ, ಅವರು ನೋಡಿದ ನೋಟ ಹೇಳುವ ಹಾಗಿಲ್ಲ. ಕೆಳಗೆ ಒಂದು ತೊಟ್ಟೂ ಬೀಳಲಿಲ್ಲ. ಮೇಸ್ತ್ರಿ ಎದೆ ಉಬ್ಬಿಸಿ ಪೂರ್ತಿ ದುಡ್ಡು ಎಣಿಸಿಕೊಂಡ.

ಆರಿದ್ರಾ ಮಳೆಗೆ ಫ್ಯಾನ್ ಮತ್ತೆ ತೊಟ್ಟಿಕ್ಕಿತು.

ನಿಲ್ಲಿಸಿದ ನೀರು ನೆಲವನ್ನು ಮಾತ್ರ ಪರೀಕ್ಷೆ ಮಾಡುತ್ತೆ, ನಮ್ಮ ಮಳೆ ಮೇಲಿಂದ ಬೀಳೋದು ಕಡಿಮೆ, ಗಾಳಿ ಜೊತೆ ಅಡ್ಡಡ್ಡ ಬರೋದೇ ಜಾಸ್ತಿ. ಪ್ಯಾರಾಪೆಟ್ ಗೋಡೆಗೆ ಬಡಿದು, ಗೋಡೆ ಮತ್ತು ಸ್ಲ್ಯಾಬ್ ಸೇರುವ ಮೂಲೆಗಿಂತ ಮೇಲಿದ್ದ ಬಿರುಕಿನಿಂದ ನುಗ್ಗಿ, ಆ ಬಿಳಿ ಬಣ್ಣದ ಅಡಿಯಿಂದಲೇ ಹಾಲ್‌ಗೆ ಬರುತ್ತಿತ್ತು. ಬೇಲೂರಿಗೆ ಹೋದರೆ ಈಗ ನನ್ನ ಕಣ್ಣು ಮದನಿಕೆಯರಿಗಿಂತ ಮೊದಲು ಅವರ ತಲೆ ಮೇಲಿನ ಲೋವೆಗೆ ಹೋಗುತ್ತೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ ಅದು. ಕಲ್ಲಿನ ಲೋವೆಯನ್ನೇ ಇಳಿಜಾರು ಮಾಡಿ ಗೋಡೆಯಿಂದ ಆಚೆ ಚಾಚಿದ್ದಾರೆ. ನಮ್ಮ ಇಂಜಿನಿಯರ್ ಸಜ್ಜಾ ಕೊಟ್ಟಿದ್ದು ಒಂದೂವರೆ ಅಡಿ, ಅದೂ ಕಿಟಕಿ ಮೇಲೆ ಮಾತ್ರ.

ಕೊನೆಗೆ ಊರಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆವು. ತಾರಸಿ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಪ್ಯಾರಾಪೆಟ್ ದಾಟುವಷ್ಟು ಚಾಚಿ ಶೀಟ್ ಹೊದಿಸಿದ್ದು. ಸೋರುವುದು ನಿಂತಿತು. ಮಳೆ ಬಂದರೆ ಟೀವಿ, ಫೋನು, ಅಮ್ಮನ ಬೈಗುಳ ಯಾವುದೂ ಕೇಳಿಸಲ್ಲ, ಅದೊಂದು ಲಾಭ. ಮೆಣಸು ಒಣಗಿಸೋಕೆ ಅಂತ ಕಟ್ಟಿಸಿದ ತಾರಸಿಗೆ ಈಗ ಬಿಸಿಲೇ ಬೀಳಲ್ಲ. ಮೆಣಸು ಅಂಗಳದಲ್ಲಿ, ಬಟ್ಟೆ ತಾರಸಿಯಲ್ಲಿ.

ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಒಣಗಿದ ಬಟ್ಟೆಯೆಲ್ಲ ಒದ್ದೆ. ರಾತ್ರಿ ಚಳಿಗೆ ಶೀಟ್ ತಣ್ಣಗಾಗಿ, ಮಂಜಿನ ತೇವವೆಲ್ಲ ಅದರ ಅಡಿಯಲ್ಲಿ ಹನಿಗಟ್ಟಿ ಬಿದ್ದಿತ್ತು. ಶೀಟಿನವನಿಗೆ ಫೋನ್ ಮಾಡಿ ಗ್ಯಾರಂಟಿ ಕೊಟ್ಟಿದ್ಯಲ್ಲಪ್ಪ ಅಂದೆ.

"ನಾನು ಗ್ಯಾರಂಟಿ ಕೊಟ್ಟಿದ್ದು ಸೋರೋದಕ್ಕೆ ಸಾರ್, ಬೆವರೋದಕ್ಕಲ್ಲ" ಅಂದ.