ಒರಿಜಿನಲ್ ಅಲ್ವಂತೆ, ಬಾ

ನಿನ್ನೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ರೋಮ್ ಚಕ್ರವರ್ತಿ ಟ್ರೇಜನ್‌ನ ವಿಜಯಸ್ತಂಭದ, ಅಂದರೆ ಟ್ರೇಜನ್ ಕಂಬದ, ಪ್ಲಾಸ್ಟರ್ ನಕಲಿನ ಬುಡದಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದೆ. ಹಿಂದಿನಿಂದ ಕನ್ನಡ ಕೇಳಿಸಿತು. ಖುಷಿಯಾಗಿ ತಿರುಗಿದೆ.

"ಪುಟ್ಟಾ, ಬಾ. ಇದೆಲ್ಲ ಪಿಓಪಿ ಅಂತೆ. ಒರಿಜಿನಲ್ ಅಲ್ಲ."

ಪುಟ್ಟ ಪಾಪ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಕೈ ಹಿಡಿದು ಎಳೆದುಕೊಂಡು ಹೋದರು. ಎರಡು ನಿಮಿಷವೂ ಆಗಿರಲಿಲ್ಲ.

ಪಿಓಪಿ ಅಂತೆ! ಹಾಲ್‌ನ ಫಾಲ್ಸ್ ಸೀಲಿಂಗ್‌ಗೆ ಇದೇ ಪಿಓಪಿ ಬಳಿಸಿ ಬಂದವರಿಗೆಲ್ಲ ತೋರಿಸುತ್ತೀವಿ. ಮ್ಯೂಸಿಯಂನಲ್ಲಿ ಕಂಡರೆ ಮಾತ್ರ ಮೂಗು ಮುರಿಯಬೇಕು.

ಸ್ವಾಮಿ, ಒರಿಜಿನಲ್ ಇರೋದು ರೋಮ್‌ನಲ್ಲಿ, ಕ್ರಿ.ಶ. 113ರಿಂದ. ಅಲ್ಲಿ ಹೋಗಿ ಎಷ್ಟು ಕತ್ತೆತ್ತಿದರೂ ಅರ್ಧಕ್ಕಿಂತ ಮೇಲೆ ಏನೂ ಸರಿಯಾಗಿ ಕಾಣುವುದಿಲ್ಲ. ಇಲ್ಲಿ ಸೂರಿಗಿಂತ ಕಂಬವೇ ಎತ್ತರ ಅಂತ ಎರಡು ತುಂಡು ಮಾಡಿ ಪಕ್ಕಪಕ್ಕ ನಿಲ್ಲಿಸಿದ್ದಾರೆ. ಅದರಿಂದ ನಡುಭಾಗದ ಕೆತ್ತನೆ ಸೀದಾ ಕಣ್ಣೆದುರಿಗೇ ಬರುತ್ತದೆ. ಸೈನಿಕರ ಗಡ್ಡ ಕೂಡ ಕಾಣುತ್ತದೆ. ಬುಡದಲ್ಲಿ ದಪ್ಪ ಬಳೆಯ ಹಾಗೆ ಲಾರೆಲ್ ಎಲೆಗಳ ಸುತ್ತು. ಅದರ ಕೆಳಗೆ, ಪೀಠದ ಮೈಯೆಲ್ಲ ಸೋತವರ ಗುರಾಣಿ, ಕವಚ ರಾಶಿ ಹಾಕಿದ ಹಾಗೆ ಕೆತ್ತನೆ. ನಾನು ಆ ಎಲೆಗಳ ಮುಂದೆಯೇ ಅರ್ಧ ಗಂಟೆ ಕಳೆದೆ.

ಹತ್ತಿರ ಹೋದರೆ ಸಣ್ಣ ಗೆರೆಗಳು ಕಾಣುತ್ತವೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ, ಮರದ ಎರಡು ಹೋಳು ಸೇರುವ ಕಡೆ ಗೆರೆ ಉಳಿಯುತ್ತದಲ್ಲ, ಅದೇ. ಇಲ್ಲಿ ಎರಡಲ್ಲ, ಲೆಕ್ಕವಿಲ್ಲದಷ್ಟು ತುಂಡು. 1860ರ ದಶಕದಲ್ಲಿ ಯಾರೋ ಕೂಲಿಯವರು ಆ ಎತ್ತರಕ್ಕೆ ಅಟ್ಟಣೆ ಕಟ್ಟಿ ಇಂಚಿಂಚೂ ಅಚ್ಚು ತೆಗೆದಿದ್ದಾರೆ. ಅದು ಕೆಲಸ ಅಲ್ವಾ?

ಮೂಲ ಮೂಲವೇ, ನಕಲು ನಕಲೇ ಅಂತ ಕಾಮೆಂಟ್ ಹಾಕಲು ಕೆಲವರು ಕಾಯುತ್ತಿರುತ್ತೀರಿ, ಗೊತ್ತು. ಅಚ್ಚು ತೆಗೆಯುವಾಗ ಮೂಲದ ಮೈಗೇ ಪೆಟ್ಟಾಗಿದ್ದೂ ಉಂಟು, ಅದೂ ಗೊತ್ತು. ಆದರೆ ಅಥೆನ್ಸ್‌ನ ಹಳೇ ಗ್ರೀಕ್ ದೇಗುಲ ಪಾರ್ಥೆನಾನ್ ನೋಡಿ. ಅದರ ಪಶ್ಚಿಮದ ಕೆತ್ತನೆಗೆ 1802ರ ಸುಮಾರಿಗೆ ಅಚ್ಚು ತೆಗೆದರು. ಮೂಲ ಕಲ್ಲು 1993ರವರೆಗೂ ಹೊಗೆ, ಮಳೆ ತಿಂದುಕೊಂಡು ಕಟ್ಟಡದ ಮೇಲೇ ಇತ್ತು. ಈಗ ಕಲ್ಲಿನಲ್ಲಿ ಅಳಿಸಿಹೋದದ್ದು ಪ್ಲಾಸ್ಟರಿನಲ್ಲಿದೆ. ಈಗ ಹೇಳಿ, ಯಾವುದು ಒರಿಜಿನಲ್? ನಮ್ಮಲ್ಲಿ ಉತ್ಸವಮೂರ್ತಿ ಬೀದಿಗೆ ಬಂದಾಗ "ಡೂಪ್ಲಿಕೇಟು, ಮೂಲದೇವರು ಒಳಗಿದ್ದಾರೆ" ಅಂತ ಯಾರಾದರೂ ಎದ್ದು ಹೋಗುತ್ತಾರಾ?

ಹೀಗೆ ಮೂಗು ಮುರಿದೇ ಎಷ್ಟೋ ಹಾಳಾದವು. ಸಾಂಚಿಯ ಪೂರ್ವ ತೋರಣದ ಪ್ಲಾಸ್ಟರ್ ನಕಲು ಒಂದು ಕಾಲಕ್ಕೆ ಇದೇ ಮ್ಯೂಸಿಯಂನಲ್ಲಿ ನಿಂತಿತ್ತು. ಈಗಿಲ್ಲ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನವರು ತಮ್ಮ ಪ್ಲಾಸ್ಟರುಗಳನ್ನು ವರ್ಷಗಟ್ಟಲೆ ಗೋಡೌನಿನಲ್ಲಿಟ್ಟು, 2006ರಲ್ಲಿ ಹರಾಜು ಹಾಕಿದರು.

ಇಷ್ಟು ಕೂಗಾಡುವ ನಾನೇನು ಸಾಚಾ ಅಲ್ಲ. ಆರ್ಟ್ ಸ್ಕೂಲಿನಲ್ಲಿ ಮೊದಲ ವರ್ಷವಿಡೀ ಒಂದೇ ಅಕಾಂಥಸ್ ಎಲೆಯ ಪ್ಲಾಸ್ಟರ್ ನಕಲು ಇಟ್ಟು ಚಿತ್ರ ಬರೆಸಿದ್ದರು. ಕೊರಿಂಥಿಯನ್ ಕಂಬದ ತಲೆಯಲ್ಲಿ ಸುರುಳಿಯಾಗಿ ಬಾಗುತ್ತದಲ್ಲ, ಆ ಎಲೆ. ಬರೆದು ಬರೆದು ಹುಚ್ಚು ಹಿಡಿದು, ಒಂದು ದಿನ ಬೇಕಂತಲೇ ಅದರ ತುದಿ ಮುರಿದೆ. ಇಲಿ ಬೀಳಿಸಿರಬೇಕು ಸಾರ್ ಅಂದೆ. ಮೇಷ್ಟ್ರು ಏನೂ ಅನ್ನಲಿಲ್ಲ. ಫೆವಿಕಾಲ್ ತಂದು ಅಂಟಿಸಿ, "ಈಗ ಈ ಬಿರುಕನ್ನೂ ಸೇರಿಸಿ ಬರಿ" ಅಂದರು. ನಾಲ್ಕು ವರ್ಷ ಆದ ಮೇಲೆ ಹೋದಾಗ ಕೊಠಡಿ ಖಾಲಿ ಮಾಡಿ ಎಲ್ಲವನ್ನೂ ಹಿತ್ತಲಿಗೆ ಎಸೆದಿದ್ದರು. ಮಳೆಗೆ ನೆನೆದು ಸುಣ್ಣದ ರಾಶಿಯ ಹಾಗೆ ಬಿದ್ದಿದ್ದವು. ನನ್ನ ಎಲೆ ಸಿಗಲಿಲ್ಲ.

ಅದಿರಲಿ. ಆ ಟ್ರೇಜನ್ ಕಂಬ ಟೊಳ್ಳು. ಈಗ ಅದರ ಹೊಟ್ಟೆಯೊಳಕ್ಕೇ ಹೋಗಬಹುದು. ಹೊರಗೆ ರೋಮ್, ಒಳಗೆ ಬರೀ ಇಟ್ಟಿಗೆ ಗೋಡೆ. ಪುಟ್ಟನಿಗೆ ಅದೊಂದಾದರೂ ತೋರಿಸಿ ಕರೆದುಕೊಂಡು ಹೋಗಬಾರದಿತ್ತಾ?