ಮೈಲುತುತ್ತಿಗೊಬ್ಬ ವೈಸ್ ಪ್ರೆಸಿಡೆಂಟ್

ಶಿವಮೊಗ್ಗದಲ್ಲಿ ಕೆಮಿಕಲ್ ಮಾರುವ ಕಂಪನಿಯೊಂದರ ಪುನರ್‌ರಚನೆಯ ಸುದ್ದಿ ಇಷ್ಟು ಹೊತ್ತಿಗೆ ಎಲ್ಲರಿಗೂ ತಲುಪಿದೆ. ಪತ್ರಿಕೆಯಲ್ಲಿ ಅರ್ಧ ಪುಟದ ಜಾಹೀರಾತು ಬಂತು, ಸರ್ಕಲ್ಲಿನಲ್ಲಿ ಫ್ಲೆಕ್ಸ್ ನಿಂತಿತು, ವಾಟ್ಸಾಪಿನ ಪಿಡಿಎಫ್ ಶಿವಮೊಗ್ಗದಿಂದ ಹೊರಟು ತೀರ್ಥಹಳ್ಳಿ, ಹೊಸನಗರ, ಸಾಗರ ಸುತ್ತಿ ವಾಪಸ್ ಶಿವಮೊಗ್ಗಕ್ಕೇ ಬಂತು. ನಿನ್ನೆಯವರೆಗೆ ಮೈಲುತುತ್ತು (ಕಾಪರ್ ಸಲ್ಫೇಟ್), ಬ್ಲೀಚಿಂಗ್ ಪೌಡರ್, ಆಸಿಡ್ ಮಾರಿಕೊಂಡಿದ್ದವರು ಇನ್ನು ಮೇಲೆ ‘ಸಮಗ್ರ ರಸಾಯನ ಪರಿಹಾರ ಪಾಲುದಾರರು’. ಐದು ವರ್ಷದಲ್ಲಿ ವಹಿವಾಟು ಐದು ಪಟ್ಟು. ನಾಲ್ಕು ವರ್ಟಿಕಲ್, ಅಂದರೆ ವ್ಯಾಪಾರದ ವಿಭಾಗ, ವರ್ಟಿಕಲ್ಲಿಗೊಬ್ಬ ವೈಸ್ ಪ್ರೆಸಿಡೆಂಟ್. ಪುಟಪುಟಕ್ಕೂ ಬಾಣದ ಗುರುತು, ಎಲ್ಲ ಬಾಣವೂ ಮೇಲಕ್ಕೆ. ಗೋಡೌನ್ ಅನ್ನುವ ಪದ ಮಾತ್ರ ಇಡೀ ಪಿಡಿಎಫ್‌ನಲ್ಲಿ ಎಲ್ಲೂ ಇಲ್ಲ.

ಆದರೂ ಹೊಗಳಬೇಕಾದ್ದನ್ನು ಹೊಗಳಬೇಕು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ 1885ರಲ್ಲಿ ಮಿಲಾರ್ಡೆ ಎಂಬ ಪ್ರೊಫೆಸರು ಬೆಳಕಿಗೆ ತಂದದ್ದು ಬೋರ್ಡೊ ದ್ರಾವಣ ಎಂಬ ಶಿಲೀಂಧ್ರ ತಡೆಯುವ ಔಷಧಿ. ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಮಳೆಗಾಲದಲ್ಲಿ ಕಾಯಿ ಉದುರಿಸುವ ನಮ್ಮ ಅಡಿಕೆಯ ಕೊಳೆರೋಗಕ್ಕೂ ಅದೇ ಮದ್ದು ಎಂದು ತೋರಿಸಿದರು. ಅಲ್ಲಿಂದ ಇಲ್ಲಿಯವರೆಗೆ ಪಾಕ ಬದಲಾಗಿಲ್ಲ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ನೂರು ವರ್ಷ ದಾಟಿದ ಈ ಪಾಕದ ಒಂದು ಸಾಮಾನನ್ನು ಮಾರುವುದಕ್ಕೆ ‘ನವೀನ ಬೆಳೆ ರಕ್ಷಣಾ ಪೋರ್ಟ್‌ಫೋಲಿಯೊ’ ಎಂದು ಹೆಸರಿಡಲು ಎದೆಗಾರಿಕೆ ಬೇಕು. ಅದು ಇವರಿಗಿದೆ.

ಸುಣ್ಣ ಯಾವ ಪೋರ್ಟ್‌ಫೋಲಿಯೊ? ಸುಣ್ಣ ಕಟ್ಟಡದ ಸಾಮಾನಂತೆ. ಆದ್ದರಿಂದ ಅದು ಇಂಡಸ್ಟ್ರಿಯಲ್ ವರ್ಟಿಕಲ್ಲಿಗೆ, ತುತ್ತು ಅಗ್ರಿ ವರ್ಟಿಕಲ್ಲಿಗೆ. ಎರಡಕ್ಕೂ ಬೇರೆ ಕಂಪನಿ, ಬೇರೆ ಜಿಎಸ್‌ಟಿ ನಂಬರು, ಬೇರೆ ಬಿಲ್ ಪುಸ್ತಕ. ಕೌಂಟರಿನಲ್ಲಿ ಈಗ ನಡೆಯುವ ಮಾತುಕತೆ ಹೀಗೆ:

“ಎರಡು ಚೀಲ ತುತ್ತು, ಎರಡು ಚೀಲ ಸುಣ್ಣ ಹಾಕು ತಮ್ಮಾ.”

“ತುತ್ತು ಇಲ್ಲೇ ಗೌಡ್ರೆ. ಸುಣ್ಣ ಬೇರೆ ಕಂಪನಿ, ಆಚೆ ಬಾಗಿಲು.”

“ಹೋದ್ವರ್ಷ ಇದೇ ಬಾಗಿಲಲ್ಲಿ ಎರಡೂ ಕೊಟ್ಟಿದ್ರಲ್ಲ ಮಾರಾಯ.”

“ಆಗ ಒಂದೇ ಇತ್ತು ಗೌಡ್ರೆ.”

“ಅಯ್ಯೋ, ಅಣ್ಣತಮ್ಮಂದಿರು ಪಾಲಾದ್ರಾ?”

“ಇಲ್ಲ ಗೌಡ್ರೆ, ಬೆಳವಣಿಗೆ.”

ಗೌಡರ ಅನುಮಾನದಲ್ಲಿ ತಪ್ಪಿಲ್ಲ. ಮಲೆನಾಡಿನಲ್ಲಿ ಒಂದು ಮನೆಗೆ ಎರಡು ಬಾಗಿಲು, ಎರಡು ಒಲೆ ಆಯಿತೆಂದರೆ ಅದಕ್ಕೊಂದೇ ಅರ್ಥ. ಪಾಲಾದವರಾದರೂ ಬಾವಿ ಹಂಚಿಕೊಂಡು ನೀರು ಸೇದುತ್ತಾರೆ. ಇಲ್ಲಿ ಒಂದೇ ಮಾಡಿನ ಕೆಳಗೆ ಚೀಲವೊಂದನ್ನು ಅತ್ತಲ ಕಂಪನಿಯಿಂದ ಇತ್ತಲ ಕಂಪನಿಗೆ ದಾಟಿಸಬೇಕಾದರೂ ಟ್ಯಾಕ್ಸ್ ಇನ್‌ವಾಯ್ಸ್ ಹರಿಯಬೇಕು.

ಈಗ ಆ ಗೋಡೌನಿನ ಮಾತಿಗೆ ಬರೋಣ, ಯಾಕೆಂದರೆ ಕೆಮಿಕಲ್ ವ್ಯಾಪಾರದ ಬುದ್ಧಿಯೆಲ್ಲ ಇರುವುದು ಅಲ್ಲಿ. ಯಾವುದರ ಪಕ್ಕ ಯಾವುದು ಕೂರಬಾರದು ಅನ್ನುವುದೇ ಅಲ್ಲಿಯ ಸಂವಿಧಾನ. ಬ್ಲೀಚಿಂಗ್ ಪೌಡರ್ ಪಕ್ಕ ಹೈಡ್ರೋಕ್ಲೋರಿಕ್ ಆಸಿಡ್ ಇಡುವಂತಿಲ್ಲ. ಒಂದು ಕ್ಯಾನು ಸೋರಿ ಒಂದು ಚೀಲ ತಾಗಿದರೆ ಬರುವುದು ಕ್ಲೋರಿನ್ ಗ್ಯಾಸು. ಅಕ್ಕಸಾಲಿಗರಿಗೆ ಹೋಗುವ ನೈಟ್ರಿಕ್ ಆಸಿಡ್ ಹತ್ತಿರ ಗೋಣಿತಾಟು, ಮರದ ಹೊಟ್ಟು ಇರಬಾರದು, ಬೆಂಕಿ ಹತ್ತುತ್ತದೆ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ಡೂ ಅದರಿಂದ ದೂರ. ಎರಡರ ಹೆಸರಿಗೂ ಆಸಿಡ್ ಎಂಬ ಬಾಲ ಇದೆಯೆಂದು ಒಂದೇ ಸಾಲಿಗೆ ತಳ್ಳಿದರೆ ಕೆಟ್ಟಿತು. ಅರಳಿಸದ ಸುಟ್ಟ ಸುಣ್ಣದ ಮೇಲೆ ಹಂಚು ಸೋರಿದರೆ ಚೀಲವೇ ಕಾದು ಹೊಗೆಯಾಡುತ್ತದೆ. ಹೈಡ್ರೋಕ್ಲೋರಿಕ್ಕಿನ ಹಬೆ ಶಟರನ್ನೂ ತಕ್ಕಡಿಯನ್ನೂ ತಿನ್ನುವುದರಿಂದ ಅದಕ್ಕೆ ಗಾಳಿಯಾಡುವ ಮೂಲೆ, ಅದೂ ನೆಲದ ಮೇಲೆ. ತಲೆಯೆತ್ತರದ ಹಲಗೆಗೆ ಯಾವ ಆಸಿಡ್ಡೂ ಏರಬಾರದು. ತುತ್ತಿನ ಚೀಲ ಮರದ ಅಟ್ಟಣಿಗೆಯ ಮೇಲೆ, ಗೋಡೆಯಿಂದ ಒಂದಡಿ ಈಚೆಗೆ. ಇಲ್ಲದಿದ್ದರೆ ಆಷಾಢದ ಥಂಡಿಗೆ ಹರಳೆಲ್ಲ ಗಟ್ಟಿ ಹೆಂಟೆ.

ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಕಾಯುತ್ತಿದ್ದವನು ದಾಸ್ತಾನಿನ ಲೆಕ್ಕ ಬರೆಯುವ ಗೋಡೌನ್ ರೈಟರು. ಹೊಸ ನಕ್ಷೆಯಲ್ಲಿ ‘ಸಿನರ್ಜಿ’, ಅಂದರೆ ಒಟ್ಟುಗೂಡಿಸುವ ಲಾಭ, ಬಂದಿದೆ. ಪಂಚಾಯ್ತಿಗಳು ಕೊಳ್ಳುವ ಬ್ಲೀಚಿಂಗ್ ಪೌಡರು ವಾಟರ್ ವರ್ಟಿಕಲ್. ಬೋರ್‌ವೆಲ್ ಪೈಪಿನ ಸುಣ್ಣದಂಶ ತೆಗೆಯುವ ಆಸಿಡ್ಡೂ ನೀರಿಗೇ ಸಂಬಂಧಪಟ್ಟದ್ದು, ಆದ್ದರಿಂದ ಅದೂ ವಾಟರ್ ವರ್ಟಿಕಲ್. ಎರಡೂ ಒಂದೇ ವರ್ಟಿಕಲ್ ಅಂದ ಮೇಲೆ ಒಂದೇ ಬೇ, ಒಂದೇ ರ‍್ಯಾಕು, ಒಂದೇ ನೀಲಿ ಬೋರ್ಡು. ಬಣ್ಣದ ಆಯ್ಕೆ ಚೆನ್ನಾಗಿದೆ. ರಾತ್ರಿ ಪಾಳಿಯ ವಾಚ್‌ಮನ್ ಮಾತ್ರ ತನ್ನ ಕುರ್ಚಿಯನ್ನು ಗೇಟಿನ ಆಚೆಗೆ ಹಾಕಿಕೊಂಡರೆ ಒಳ್ಳೆಯದು.

ಬ್ಲೀಚಿಂಗ್ ಪೌಡರಿನದೂ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಹೊಸದರಲ್ಲಿ ಅದರ ಕ್ಲೋರಿನ್ ಅಂಶ ಶೇ. 33ರ ಆಸುಪಾಸು. ಸಾವಿರ ಲೀಟರ್ ಕುಡಿಯುವ ನೀರಿಗೆ ಅಂದಾಜು ಎರಡೂವರೆ ಗ್ರಾಂ ಸಾಕು ಅನ್ನುವ ಲೆಕ್ಕ ಇಂಥ ಒಳ್ಳೆಯ ಪುಡಿಗೆ ಮಾತ್ರ. ತೇವ ತಾಗಿದರೆ, ಚೀಲದ ಬಾಯಿ ಸರಿಯಾಗಿ ಕಟ್ಟದಿದ್ದರೆ ಕ್ಲೋರಿನ್ ಹಾರಿ ಉಳಿಯುವುದು ಬರೀ ಸುಣ್ಣದ ಪುಡಿ. ಹಾಗಾಗಿ ಮೊದಲು ಬಂದದ್ದು ಮೊದಲು ಹೋಗಬೇಕು, ಹೆಚ್ಚು ದಾಸ್ತಾನು ಮಾಡಬಾರದು. ಬೆಳವಣಿಗೆಯ ತಂತ್ರಗಾರರು ಮಾತ್ರ ‘ಬಲ್ಕ್ ಖರೀದಿಯ ಲಾಭ’ ಎಂದು ವರ್ಷದ ಮಾಲನ್ನು ಒಂದೇ ಸಲ ತರಿಸಲು ಹೇಳಿದ್ದಾರೆ. ಆಗಸ್ಟ್ ಹೊತ್ತಿಗೆ ಯಾವುದೋ ಊರಿನ ಟ್ಯಾಂಕಿಗೆ ವಾಟರ್‌ಮ್ಯಾನ್ ಅಳತೆ ತಪ್ಪದೆ ಸುಣ್ಣ ಹಾಕುತ್ತಿರುತ್ತಾನೆ, ಊರಿಗೆ ಊರೇ ಆಸ್ಪತ್ರೆ ಸಾಲಿನಲ್ಲಿ ನಿಂತಿರುತ್ತದೆ. ಅದು ಯಾವ ವೈಸ್ ಪ್ರೆಸಿಡೆಂಟರ ಸಾಲಿಗೂ ಬರೆದುಕೊಳ್ಳುವುದಿಲ್ಲ.

ಬಾಕಿ ವಸೂಲಿಯ ಅಧ್ಯಾಯ ಇನ್ನೂ ಚಂದ. ಎಲ್ಲ ಬಾಕಿಯೂ 45 ದಿನದೊಳಗೆ ಬರಬೇಕಂತೆ. ಅಡಿಕೆಗೆ ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ, ಮೇ ಕೊನೆ ಇಲ್ಲವೇ ಜೂನ್ ಮೊದಲ ವಾರ. ಎರಡನೆಯದು 40-45 ದಿನ ಬಿಟ್ಟು, ಮಳೆ ಬಿಡುವು ಕೊಟ್ಟ ಯಾವುದಾದರೂ ಹೊಳವು ಸಿಕ್ಕಾಗ. ಅಂದರೆ ಕಂಪನಿಯ ನೋಟಿಸು ಬರುವ ದಿನ ಕೊನೆಗಾರ ಎರಡನೇ ಔಷಧಿ ಹೊಡೆಯಲು ಮರ ಹತ್ತಿರುತ್ತಾನೆ, ಅಡಿಕೆ ಗೊನೆಯಲ್ಲಿ ಹಸಿರಾಗಿ ಕೂತಿರುತ್ತದೆ. ಅದು ಬಲಿತು, ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ರಾಶಿಯೋ ಬೆಟ್ಟೆಯೋ ಅನ್ನುವ ಬಗೆಯಾಗಿ ಮಂಡಿಗೆ ಹೋಗಿ ದುಡ್ಡಾಗುವಾಗ ಸಂಕ್ರಾಂತಿ ಕಳೆದಿರುತ್ತದೆ. ತುತ್ತು ಮಾಡುವವನು ಮುಂಗಡ ಕೊಟ್ಟರೆ ಮಾತ್ರ ಲಾರಿ ಹೊರಡಿಸುತ್ತಾನೆ. ಈ ಎಂಟು ತಿಂಗಳ ಕಂದಕವನ್ನು ತನ್ನ ದುಡ್ಡಿನಿಂದ, ಇಲ್ಲವೇ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದಿಂದ ತುಂಬುವವನೇ ಮಲೆನಾಡಿನ ಕೆಮಿಕಲ್ ವ್ಯಾಪಾರಿ. ಅವನ ಲಾಭ ಬರುವುದು ಅದರಿಂದಲೇ, ಅವನು ಮುಳುಗುವುದೂ ಅದರಿಂದಲೇ. ಟನ್ ಮೈಲುತುತ್ತಿನಲ್ಲಿ ಸುಮಾರು 250 ಕೆಜಿ ತಾಮ್ರ ಇರುವುದರಿಂದ ಲಂಡನ್ನಿನ ಪೇಟೆಯಲ್ಲಿ ತಾಮ್ರ ಏರಿದರೆ ಇಲ್ಲಿಯ ದರವೂ ಅಲುಗುತ್ತದೆ. ಮಾರ್ಚಿನಲ್ಲಿ ಕೊಂಡಿಡಬೇಕೋ, ಏಪ್ರಿಲ್‌ಗೆ ಕಾಯಬೇಕೋ ಅನ್ನುವುದೇ ಇಡೀ ವರ್ಷದ ಸ್ಟ್ರಾಟೆಜಿ. ಪಿಡಿಎಫ್‌ನಲ್ಲಿ ತಾಮ್ರದ ಸುದ್ದಿಯಿಲ್ಲ. ‘ಗ್ರಾಹಕ ಸಂತೋಷ ಸೂಚ್ಯಂಕ’ ಇದೆ.

ಇದೇ ಪಿಡಿಎಫ್ ಭದ್ರಾವತಿಯನ್ನು ‘ಅಪಾರ ಅವಕಾಶದ ಕೈಗಾರಿಕಾ ನಗರ’ ಅಂದಿದೆ. ಬರೆದವರು ಯಾವ ಇಸವಿಯ ನಕ್ಷೆ ನೋಡಿದರೋ. 1936ರಲ್ಲಿ ಹುಟ್ಟಿದ ಅಲ್ಲಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತದ್ದು 2015ರಲ್ಲಿ. ಕಾಗದ ಅಂದರೆ ಕಾಸ್ಟಿಕ್ ಸೋಡಾ, ಪಟಿಕ, ರಾಳ. ಅಂಥ ಗಿರಾಕಿ ಒಬ್ಬ ಇದ್ದರೆ ಜಿಲ್ಲೆಯ ಕೆಮಿಕಲ್ ಪೇಟೆಗೆ ವೈಸ್ ಪ್ರೆಸಿಡೆಂಟರ ಹಂಗಿಲ್ಲ. ಪಕ್ಕದ ಉಕ್ಕಿನ ಕಾರ್ಖಾನೆಯನ್ನು ಮುಚ್ಚುತ್ತೇವೆಂದು 2023ರ ಜನವರಿಯಲ್ಲಿ ಘೋಷಣೆಯಾಯಿತು, ಮರು ತಿಂಗಳು ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಸಲಹೆಗಾರರು ಬಂದು ಹೋಗಲು ಅನುಕೂಲವಂತೂ ಆಗಿದೆ. ಮಾಚೇನಹಳ್ಳಿ ಕಡೆಯ ಫೌಂಡ್ರಿಗಳು ಉಳಿದಿವೆ. ಮರಳಿನ ಅಚ್ಚು ಗಟ್ಟಿ ಮಾಡಲು ಅವರಿಗೆ ಸೋಡಿಯಂ ಸಿಲಿಕೇಟ್ ಬೇಕು. ಡ್ರಮ್ಮಿನ ಬಾಯಿ ತೆರೆದಿಟ್ಟರೆ ಅದೂ ಗಾಳಿಗೆ ಪದರಗಟ್ಟುತ್ತದೆ. ಇದನ್ನೂ ರೈಟರಿಗೇ ಕೇಳಬೇಕಿತ್ತು.

ರೈಟರು ಈಗ ಇಲ್ಲ. ‘ಹುದ್ದೆಗಳ ಮರುಹೊಂದಾಣಿಕೆ’ಯಲ್ಲಿ ಹೋದ. ಅವನ ಬದಲು ಒಂದು ಸಾಫ್ಟ್‌ವೇರ್ ಬಂದಿದೆ. ಅದಕ್ಕೆ ಚೀಲ ಎಷ್ಟಿದೆ ಅನ್ನುವುದು ಗೊತ್ತು, ಚೀಲದೊಳಗೆ ಏನಿದೆ ಅನ್ನುವುದು ಗೊತ್ತಿಲ್ಲ. ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿದ ತುತ್ತು ಬಂದರೆ ಹರಳಿನ ಮಂಕು ಹಸಿರು ನೋಡಿಯೇ ಅವನು ಲಾರಿ ತಡೆಯುತ್ತಿದ್ದ. ಡ್ರೈವರು ಜಗಳಕ್ಕೆ ನಿಂತರೆ ಒಂದು ಗಾಜಿನ ಲೋಟದಲ್ಲಿ ಚಿಟಿಕೆ ತುತ್ತು ಕರಗಿಸಿ ಅಮೋನಿಯ ಹೆಚ್ಚಾಗಿಯೇ ಬಿಡುತ್ತಿದ್ದ. ಶುದ್ಧ ತುತ್ತಾದರೆ ಕಡುನೀಲಿ ತಿಳಿನೀರು. ಕಬ್ಬಿಣ ಇದ್ದರೆ ಕೊಳಕು ಹಸಿರು ಗಸಿ ಕೂತು ಆಮೇಲೆ ಕಂದಾಗುತ್ತದೆ. ಐದು ನಿಮಿಷದ ಕೆಲಸ. ತೋಟದವರಿಗೂ ಅವನೇ ಹೇಳಿ ಕಳಿಸುತ್ತಿದ್ದ: ತುತ್ತನ್ನು ಐವತ್ತು ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೈವತ್ತರಲ್ಲಿ ಬೇರೆಬೇರೆ ಕದಡಿ, ಪ್ಲಾಸ್ಟಿಕ್ ಡ್ರಮ್ಮು, ಕಬ್ಬಿಣದ್ದು ಬೇಡ, ತುತ್ತಿನ ನೀರನ್ನು ಸುಣ್ಣಕ್ಕೆ ಹೊಯ್ಯಿರಿ, ಸುಣ್ಣವನ್ನು ತುತ್ತಿಗೆ ಹೊಯ್ಯಬೇಡಿ, ಉಜ್ಜಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ, ಕೆಂಪು ಹತ್ತಿದರೆ ಸುಣ್ಣ ಕಮ್ಮಿ, ಇನ್ನಷ್ಟು ಹಾಕಿ, ಅವತ್ತು ಮಾಡಿದ್ದು ಅವತ್ತೇ ಹೊಡೆದು ಮುಗಿಸಿ. ಈಗ ಅದಕ್ಕೆ ಒಂದು ಆ್ಯಪ್ ಇದೆ. ತೀರ್ಥಹಳ್ಳಿ ದಾಟಿದ ಮೇಲೆ ನೆಟ್‌ವರ್ಕ್ ಸಿಕ್ಕಿದವರು ನೋಡಿಕೊಳ್ಳಬಹುದು.

ಇಷ್ಟರವರೆಗೆ ನಗಬಹುದು. ಮುಂದಿನದಕ್ಕೆ ನಗು ಬರುವುದಿಲ್ಲ. ಮೈಲುತುತ್ತು 1968ರ ಕೀಟನಾಶಕ ಕಾಯ್ದೆಯ ಪಟ್ಟಿಯಲ್ಲಿರುವ ವಸ್ತು. ಕೊಳೆ ಔಷಧಿಯೆಂದು ಮಾರಲು ಲೈಸೆನ್ಸ್ ಬೇಕು, ಲೈಸೆನ್ಸಿನಲ್ಲಿ ಮಾರುವವರ ಹೆಸರು, ಜಾಗ ಇರಬೇಕು. ಹೊಸ ಕಂಪನಿ ಅಂದರೆ ಹೊಸ ಹೆಸರು, ಹೊಸ ಅರ್ಜಿ, ತಯಾರಕರಿಂದ ಹೊಸ ಪತ್ರ. ಕಂಪನಿ ಒಡೆಯಲು ಇವರಿಗೆ ಸಿಕ್ಕಿದ ಮುಹೂರ್ತ ಆರ್ಥಿಕ ವರ್ಷದ ಮೊದಲ ದಿನ, ಏಪ್ರಿಲ್ 1. ಲೆಕ್ಕದವರಿಗೆ ಸುಲಭ ಎಂಬ ಒಂದೇ ಕಾರಣಕ್ಕೆ. ಅರ್ಜಿ ಕಚೇರಿಯಲ್ಲಿ ಕೂತಿತು, ಮೇ ಬಂತು, ಚೀಲಗಳು ಗೋಡೌನಿನಲ್ಲಿ ಕೂತವು. ಇದೆ, ಆದರೆ ಮಾರುವ ಹಾಗಿಲ್ಲ. ಸಹಕಾರ ಸಂಘಗಳಲ್ಲಿ ದಾಸ್ತಾನು ಸಿಕ್ಕ ಊರಿನವರು ಬಚಾವ್. ಉಳಿದವರು ಜೂನ್ ಎರಡನೇ ವಾರದವರೆಗೆ ಕಾದರು. ಅಷ್ಟರಲ್ಲಿ ಮಳೆ ಹಿಡಿಯಿತು. ಆಗುಂಬೆ ಸುತ್ತಿನಲ್ಲಿ ಒಮ್ಮೆ ಮಳೆ ಹಿಡಿದರೆ ಹೊಳವು ಯಾರ ಕೈಯಲ್ಲೂ ಇಲ್ಲ. ಕೊಳೆ ಹಾರುವುದು ಮಳೆ ಹನಿಯ ಮೇಲೇ. ಒಂದು ಗೊನೆಗೆ ಹತ್ತಿದ್ದು ಗಾಳಿಮಳೆಗೆ ಸುತ್ತಿನ ಮರಕ್ಕೆಲ್ಲ ಸಿಡಿಯುತ್ತದೆ. ಹತ್ತಿದ ಮೇಲೆ ಹೊಡೆದ ಔಷಧಿ ಉದುರಿದ ಕಾಯನ್ನು ವಾಪಸ್ ಮರಕ್ಕೆ ಅಂಟಿಸುವುದಿಲ್ಲ. ಬೋರ್ಡೊ ತಡೆಯುವ ಮದ್ದು, ವಾಸಿ ಮಾಡುವ ಮದ್ದಲ್ಲ. ಇದು ಗೊತ್ತಿಲ್ಲದವರು ಯಾವ ಧೈರ್ಯದ ಮೇಲೆ ಅಗ್ರಿ ವರ್ಟಿಕಲ್ಲಿನ ಕುರ್ಚಿಯಲ್ಲಿ ಕೂತರು? ಒಂದು ವರ್ಷದ ಫಸಲು ಅಂದರೆ ಮಗಳ ಫೀಸು, ಸೊಸೈಟಿ ಸಾಲದ ಕಂತು, ಕೊನೆಗಾರನ ಮುಂಗಡ ಎಲ್ಲವೂ. ಮೂರು ತಿಂಗಳು ಮುಂಚೆ ಅರ್ಜಿ ಹಾಕಿದ್ದರೆ, ಇಲ್ಲ ತುತ್ತಿನ ವ್ಯಾಪಾರವನ್ನು ಮಳೆಗಾಲ ಕಳೆಯುವ ತನಕ ಹಳೆಯ ಹೆಸರಿನಲ್ಲೇ ಬಿಟ್ಟಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ಅಷ್ಟು ಹೇಳಲು ಎಂಬಿಎ ಬೇಡ. ಕೇಳುವ ವ್ಯವಧಾನ ಬೇಕಿತ್ತು.

ಹಿಂದೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಹಾಳೆಯದ್ದೋ ಹುಲ್ಲಿನದ್ದೋ ಹೊದಿಕೆ, ಮಳೆ ತಾಗದಿದ್ದರೆ ಕೊಳೆಯೂ ಇಲ್ಲ. ಈಗ ಅದೇ ಪ್ಲಾಸ್ಟಿಕ್ಕಿನಲ್ಲಿ ಬರುತ್ತದೆ, ಆದರೆ ಮರಮರ ಹತ್ತಿ ಕಟ್ಟಲು ಆಳು ಎಲ್ಲಿ? ಈ ಸುದ್ದಿ ಕಂಪನಿಯ ಕಿವಿಗೆ ಬೀಳದಿರಲಿ. ಬಿದ್ದರೆ ಐದನೇ ವರ್ಟಿಕಲ್ ಗ್ಯಾರಂಟಿ.

ಎರಡನೇ ಹಂತದ ಪುನರ್‌ರಚನೆ ದೀಪಾವಳಿ ಹೊತ್ತಿಗಂತೆ. ನಾಲ್ಕು ವರ್ಟಿಕಲ್ಲುಗಳ ನಡುವೆ ಹೊಂದಾಣಿಕೆ ಸಾಲದು ಎಂದು ಅದೇ ಸಲಹೆಗಾರರೇ ಪತ್ತೆ ಹಚ್ಚಿ, ಎಲ್ಲವನ್ನೂ ಒಂದೇ ಕೌಂಟರಿಗೆ ತರುವ ‘ಒನ್ ವಿಂಡೋ’ ಯೋಜನೆ ಬರೆದುಕೊಟ್ಟಿದ್ದಾರೆ. ಅವರ ಬಿಲ್ಲಿಗೆ 45 ದಿನದ ಗಡುವು ಇಲ್ಲ. ಅವರದ್ದು ಪೂರ್ತಿ ಮುಂಗಡ.